ಬ್ರೇಡಿನ ತುದಿಗೆ ಎರಡು ಮಾರು

ಬಾಸ್ ಮೀನಿನ ಹುಚ್ಚು ಹೊಸದಾಗಿ ಹತ್ತಿಸಿಕೊಂಡವರು ಕೇಳುವ ಪ್ರಶ್ನೆಗಳಲ್ಲಿ ಇದು ತಪ್ಪದೆ ಇರುತ್ತದೆ: ರೀಲಿಗೆ ಬ್ರೇಡ್ ಸುತ್ತಿಸಿದ್ದೇನೆ, ಅದರ ತುದಿಗೆ ಲೀಡರ್, ಅಂದರೆ ಬೇರೆ ದಾರದ ಒಂದು ತುಂಡು, ಕಟ್ಟಬೇಕೋ ಬೇಡವೋ? ಕೇಳುವಾಗಲೇ ಅವರ ಮನಸ್ಸಿನಲ್ಲಿ ಒಂದು ಉತ್ತರ ಕೂತಿರುತ್ತದೆ. ಬ್ರೇಡ್ ಮೀನಿನ ಕಣ್ಣಿಗೆ ಬೀಳುತ್ತದೆ, ಫ್ಲೋರೋಕಾರ್ಬನ್ ಬೀಳುವುದಿಲ್ಲ, ಆದ್ದರಿಂದ ತುದಿಗೆ ಒಂದು ತುಂಡು ಫ್ಲೋರೋ ಇರಲಿ ಎಂದು. ಉತ್ತರ ಕ್ಯಾಲಿಫೋರ್ನಿಯಾದ ಹೊಳೆ, ಕಾಲುವೆ, ಜಲಾಶಯಗಳಲ್ಲಿ ವರ್ಷಗಟ್ಟಲೆ ಬಾಸ್ ಬೆನ್ನು ಹತ್ತಿ ನಾನು ಕಲಿತದ್ದು ಬೇರೆ. ಕಣ್ಣಿಗೆ ಬೀಳುವ ವಿಚಾರ ಲೀಡರ್ ಮಾಡುವ ಕೆಲಸಗಳಲ್ಲಿ ಒಂದು ಮಾತ್ರ. ಎಷ್ಟೋ ಕಡೆ ಅದು ಕೊನೆಯದು. ದಾರ ನೀರೊಳಗೆ ಯಾವುದಕ್ಕೆ ತಾಗುತ್ತದೆ, ಹರಿದರೆ ಎಲ್ಲಿ ಹರಿಯಬೇಕು ಎಂಬ ಎರಡನ್ನು ಮೊದಲು ಕೇಳಿಕೊಂಡರೆ ಲೀಡರ್ ಬೇಕೋ ಬೇಡವೋ, ಬೇಕಾದರೆ ಯಾವುದು, ಎಷ್ಟುದ್ದ ಎನ್ನುವುದೆಲ್ಲ ತಿಳಿಯಾಗುತ್ತಾ ಹೋಗುತ್ತದೆ.

ನಮ್ಮ ಕಡೆ ಗಾಳ ಹಾಕಿ ಬೆಳೆದವರಿಗೆ ಈ ಪ್ರಶ್ನೆಯೇ ಇರಲಿಲ್ಲ. ಬಿದಿರ ಗಳ, ನೈಲಾನ್ ದಾರ, ಬೆಂಡು, ಎರೆಹುಳ, ಇಷ್ಟರಲ್ಲಿ ಮುಗಿಯುತ್ತಿತ್ತು. ಗಳದ ತುದಿಯಿಂದ ಗಾಳದವರೆಗೆ ಒಂದೇ ದಾರ. ನೈಲಾನ್ ಕೂಡ ಹಳೆಯದೇನಲ್ಲ; 1935ರಲ್ಲಿ ಅಮೆರಿಕದ ಡುಪಾಂಟ್ ಪ್ರಯೋಗಾಲಯದಲ್ಲಿ ವ್ಯಾಲೆಸ್ ಕರೋದರ್ಸ್ ತಂಡ ಮಾಡಿದ್ದು. ಅದಕ್ಕೆ ಹಿಗ್ಗುವ ಗುಣವಿದೆ, ನೀರು ಹೀರುವ ಗುಣವೂ ಇದೆ. ನೆನೆದ ನೈಲಾನ್ ಒಣಗಿದ್ದಕ್ಕಿಂತ ಸ್ವಲ್ಪ ಬಲ ಕಳೆದುಕೊಳ್ಳುತ್ತದೆ.

ಬ್ರೇಡ್ ಬೇರೆಯೇ ಜಾತಿ. ಗುಂಡು ನಿರೋಧಕ ಕವಚಗಳಿಗೆ ಬಳಸುವ ಡೈನೀಮಾ, ಸ್ಪೆಕ್ಟ್ರಾ ಎಂಬ ಪಾಲಿಎಥಿಲೀನ್ ಎಳೆಗಳನ್ನೇ ನಾಲ್ಕು ಅಥವಾ ಎಂಟು ಸೇರಿಸಿ ಹೆಣೆದದ್ದು. ಮೂವತ್ತು ಪೌಂಡ್ ತಡೆಯುವ ಬ್ರೇಡಿನ ದಪ್ಪ ಹೆಚ್ಚು ಕಡಿಮೆ ಎಂಟು ಪೌಂಡಿನ ನೈಲಾನಿನಷ್ಟೇ. ಹಿಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಮೂವತ್ತು ಗಜ ದೂರದಲ್ಲಿ ಮೀನು ಮೂತಿ ತಾಗಿಸಿದರೂ ಬೆರಳಿಗೆ ತಿಳಿಯುತ್ತದೆ, ಕೊಕ್ಕೆ ಕೂಡಲೇ ನಾಟುತ್ತದೆ. ನೀರಿಗಿಂತ ಹಗುರ, ತೇಲುತ್ತದೆ. ಮೈ ಮಾತ್ರ ಬಹಳ ನುಣುಪು, ಸುಮಾರು 150 ಡಿಗ್ರಿ ಸೆಲ್ಸಿಯಸ್ ತಲುಪುವ ಹೊತ್ತಿಗೆ ಕರಗಿಬಿಡುತ್ತದೆ. ಈ ಎರಡು ಗುಣಗಳಿಂದಲೇ ಅದರ ಕಷ್ಟಗಳೆಲ್ಲ ಹುಟ್ಟುತ್ತವೆ: ಗಂಟು ಜಾರುತ್ತದೆ, ಒರಟು ವಸ್ತುವಿಗೆ ಬಿಗಿಯಾಗಿ ಉಜ್ಜಿದರೆ ತುಂಡಾಗುತ್ತದೆ.

ಫ್ಲೋರೋಕಾರ್ಬನ್ ದಾರವನ್ನು ಜಪಾನಿನ ಕುರೇಹಾ ಕಂಪನಿ 1971ರಲ್ಲಿ ತಂದಿತು. ನೀರಿನ 1.78 ಪಟ್ಟು ಸಾಂದ್ರತೆ, ಹಾಗಾಗಿ ಮುಳುಗುತ್ತದೆ. ನೀರು ಹೀರುವುದಿಲ್ಲ. ಮೈ ಗಟ್ಟಿ, ಸ್ವಲ್ಪ ಬಿರುಸು. ಇಷ್ಟು ತಿಳಿದಿದ್ದರೆ ಮುಂದಿನದು ಅರ್ಥವಾಗುತ್ತದೆ.

ನನ್ನ ಕಲಿಕೆಯ ಬಹುಪಾಲು ನಡೆದದ್ದು ಡೆಲ್ಟಾದಲ್ಲಿ. ಸ್ಯಾಕ್ರಮೆಂಟೊ ಮತ್ತು ಸ್ಯಾನ್ ವಾಕೀನ್ ನದಿಗಳು ಸೇರುವ ಜಾಗವದು. ನೂರಾರು ಮೈಲಿಗಳ ಕವಲು, ಕಾಲುವೆಗಳು. ನಡುವೆ ಸಮುದ್ರಮಟ್ಟಕ್ಕಿಂತ ಕೆಳಗಿರುವ ಹೊಲಗದ್ದೆಗಳು. ಅವನ್ನು ಕಾಯುವ ಮಣ್ಣಿನ ಏರಿಗಳು. ಏರಿ ಕೊಚ್ಚಿಹೋಗದಿರಲೆಂದು ನೀರಿನ ಅಂಚಿಗೆ ಒಡೆದ ಕಲ್ಲು ಸುರಿದಿರುತ್ತಾರೆ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯಿಂದ ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ. ನೀರು ಇಳಿಯುವಾಗ ಆ ಕಲ್ಲುಗಳ ಸಂದಿಯಲ್ಲಿ ಅಡಗಿದ್ದ ಸೀಗಡಿ, ಚಿಕ್ಕ ಮೀನು ಹೊರಬರುತ್ತವೆ, ಲಾರ್ಜ್‌ಮೌತ್ ಬಾಸ್ ಕಲ್ಲಿಗೆ ಮೈ ಒತ್ತಿಕೊಂಡೇ ಕಾಯುತ್ತದೆ. (ಇದು ಈ ನೆಲದ ಮೀನಲ್ಲ. ಪೂರ್ವದ ರಾಜ್ಯಗಳಿಂದ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬಂದದ್ದು. ದೊಡ್ಡದಾಗಿ ಬೆಳೆಯುವ ಫ್ಲೋರಿಡಾ ತಳಿಯನ್ನು 1959ರಲ್ಲಿ ಸ್ಯಾನ್ ಡಿಯೇಗೊದ ಕೆರೆಗೆ ತಂದು ಬಿಟ್ಟ ಮೇಲೆ ಕ್ಯಾಲಿಫೋರ್ನಿಯಾದ ಬಾಸ್ ಇನ್ನೂ ದೊಡ್ಡದಾಗತೊಡಗಿತು.)

ಸ್ಟಾಕ್‌ಟನ್‌ನಲ್ಲಿ ಬಹಳ ಕಾಲದಿಂದ ನೆಲೆಸಿರುವ ತೀರ್ಥಹಳ್ಳಿ ಕಡೆಯ ಹಿರಿಯರೊಬ್ಬರು ನನ್ನನ್ನು ಅಲ್ಲಿಗೆ ಮೊದಲು ಕರೆದುಕೊಂಡು ಹೋದವರು. ಅವರ ಊರಿನ ತುಂಗೆಯಲ್ಲಿ ಚಿಪ್ಪಲಗುಡ್ಡೆಯ ಮತ್ಸ್ಯಧಾಮವಿದೆ, ಅಲ್ಲಿ ಗಾಳ ಹಾಕುವಂತಿಲ್ಲ. ಚಿಕ್ಕಂದಿನಲ್ಲಿ ದಡದಲ್ಲಿ ಕೂತು ಮೀನು ನೋಡಿಯೇ ಅದರ ನಡವಳಿಕೆ ಕಲಿತೆ ಎನ್ನುತ್ತಾರೆ. ನಾನೂ ಆಗ ಎಲ್ಲರ ಹಾಗೆ ಕೇಳಿದೆ.

“ಅಣ್ಣಾ, ಬ್ರೇಡ್ ಮೀನಿಗೆ ಕಾಣುತ್ತೆ ಅಂತ ಲೀಡರ್ ಹಾಕೋದಾ?”

“ಕಂಡರೆ ಕಾಣಲಿ ಮಾರಾಯ. ನೀರು ನೋಡು, ಚಹಾ ಬಣ್ಣ. ಇದರಲ್ಲಿ ಮೀನಿಗೆ ಎಂತ ಕಾಣುತ್ತೆ? ಆ ಕಲ್ಲು ನೋಡು ಮೊದಲು.”

ಹಾಗೆಂದವರು ಮೂವತ್ತು ಪೌಂಡಿನ ಬ್ರೇಡನ್ನು ಎರಡು ಕೈಯಲ್ಲಿ ಬಿಗಿಯಾಗಿ ಹಿಡಿದು ಏರಿಯ ಒಂದು ಕಲ್ಲಿನ ಅಂಚಿಗೆ ಹಿಂದೆ ಮುಂದೆ ಎಳೆದರು. ಕೆಲವೇ ಎಳೆತಕ್ಕೆ ಪಟ್ಟನೆ ಹೋಯಿತು. ಹದಿನೈದು ಪೌಂಡಿನ, ಅಂದರೆ ಲೆಕ್ಕಕ್ಕೆ ಅದರ ಅರ್ಧ ಬಲದ ಫ್ಲೋರೋಕಾರ್ಬನ್ನನ್ನು ಅದೇ ಅಂಚಿಗೆ ಅಷ್ಟೇ ಎಳೆದರು. ಮೈ ತರಚಿತು, ಬಿಳಿಚಿತು, ಆದರೆ ಹಿಡಿದುಕೊಂಡಿತ್ತು. ಪೊಟ್ಟಣದ ಮೇಲಿನ ಪೌಂಡು ನೇರ ಎಳೆತದ ಲೆಕ್ಕ ಮಾತ್ರ, ಕಲ್ಲಿನ ಲೆಕ್ಕವಲ್ಲ ಎಂಬುದನ್ನು ಅದಕ್ಕಿಂತ ಚೆನ್ನಾಗಿ ಯಾರೂ ತೋರಿಸಲಾರರು. ಬ್ರೇಡಿನಲ್ಲಿ ಇರುವುದು ಕೂದಲಿಗಿಂತ ಸಣ್ಣ ನೂರಾರು ತಂತು. ಕಲ್ಲಿನ ಚೂಪು ಒಂದೊಂದನ್ನೇ ಕತ್ತರಿಸುತ್ತಾ ಹೋಗುತ್ತದೆ. ಫ್ಲೋರೋ ಒಂದೇ ಗಟ್ಟಿ ಸರಳು. ಮೇಲ್ಮೈ ಸವೆದರೂ ಒಳಗೆ ಉಳಿದಿರುತ್ತದೆ.

ಅಂದಿನಿಂದ ಏರಿಯ ಕಲ್ಲಿನ ಬದಿಯಲ್ಲಿ ಟೆಕ್ಸಸ್ ರಿಗ್‌ನ ಪ್ಲಾಸ್ಟಿಕ್ ಹುಳವನ್ನೋ ಜಿಗ್ ಅನ್ನೋ ತೆವಳಿಸುವಾಗ ನನ್ನದು ಮೂವತ್ತು ಪೌಂಡ್ ಬ್ರೇಡ್, ತುದಿಗೆ ಹದಿನೈದು ಪೌಂಡಿನ ಫ್ಲೋರೋ. ಒಂದು ಮಾರು ಸಾಕು, ಏಕೆಂದರೆ ಕಲ್ಲಿಗೆ ತಾಗುವುದು ಹುಸಿ ಎರೆಯಾದ ಲೂರ್‌ನಿಂದ ಮೇಲಿನ ನಾಲ್ಕೈದು ಅಡಿ ಮಾತ್ರ. ಅದನ್ನು ಪ್ರತಿ ಮೀನಿನ ನಂತರ ಮುಟ್ಟಿ ನೋಡಬೇಕು. ಬೆರಳಿಗಿಂತ ತುಟಿ ಒಳ್ಳೆಯದು. ಲೀಡರನ್ನು ತುಟಿಗಳ ನಡುವೆ ಮೆಲ್ಲಗೆ ಎಳೆದರೆ ಕಣ್ಣಿಗೆ ಕಾಣದ ತರಚೂ ತಿಳಿಯುತ್ತದೆ. ಬಾಸ್‌ಗೆ ಕತ್ತರಿಸುವ ಹಲ್ಲಿಲ್ಲ, ಉಪ್ಪುಕಾಗದದಂಥ ಒರಟು ದವಡೆಯಿದೆ, ಅದೂ ಸಾಕಷ್ಟು ಸವೆಸುತ್ತದೆ. ತರಚು ಸಿಕ್ಕಿದರೆ ಅಷ್ಟನ್ನು ಕತ್ತರಿಸಿ ಲೂರನ್ನು ಮತ್ತೆ ಕಟ್ಟುತ್ತೇನೆ. ಲೀಡರ್ ಮೊಳದುದ್ದಕ್ಕೆ ಇಳಿದ ಮೇಲೆ ಹೊಸದು.

ಕಲ್ಲಿನ ಈ ಮಾತಿಗೆ ಈಗ ಇನ್ನೊಂದು ಸೇರಿದೆ. 2024ರ ಅಕ್ಟೋಬರಿನಲ್ಲಿ ಸ್ಟಾಕ್‌ಟನ್ ಬಂದರಿನಲ್ಲಿ ಗೋಲ್ಡನ್ ಮಸಲ್ ಎಂಬ ಏಷ್ಯಾ ಮೂಲದ ಚಿಪ್ಪುಮೀನು ಸಿಕ್ಕಿತು. ಉತ್ತರ ಅಮೆರಿಕದಲ್ಲಿ ಅದು ಕಂಡದ್ದು ಅದೇ ಮೊದಲು. ಗಟ್ಟಿಯಾದ ಯಾವುದಕ್ಕಾದರೂ ಅಂಟಿ ಗೊಂಚಲು ಗೊಂಚಲಾಗಿ ಬೆಳೆಯುವ ಜೀವಿ. ಅದು ಹಬ್ಬಿದ ಕಡೆ ಕಲ್ಲಿನ ಚೂಪಿನ ಮೇಲೆ ಚಿಪ್ಪಿನ ಚೂಪು, ಬರಿಯ ಬ್ರೇಡಿಗೆ ಅಲ್ಲಿ ಉಳಿಗಾಲವಿಲ್ಲ. ಆ ಚಿಪ್ಪು ಬೇರೆಡೆಗೆ ಹೋಗದಿರಲೆಂದು ಅನೇಕ ಜಲಾಶಯಗಳು ದೋಣಿಗಳನ್ನು ತಪಾಸಣೆ ಮಾಡಿಯೇ, ಕೆಲವು ಕಡೆ ವಾರಗಟ್ಟಲೆ ಒಣಗಲು ಬಿಟ್ಟೇ ನೀರಿಗಿಳಿಸುತ್ತವೆ. ಗೊಣಗುವವರಿದ್ದಾರೆ. ನನಗಂತೂ ಆ ಕಾಯುವಿಕೆ ನ್ಯಾಯವೆನಿಸುತ್ತದೆ, ನೀರು ಒಮ್ಮೆ ಕೆಟ್ಟರೆ ನಮ್ಮಿಂದ ಸರಿಮಾಡಲು ಆಗುವುದಿಲ್ಲ.

ಅದೇ ಡೆಲ್ಟಾದಲ್ಲಿ, ಏರಿಯಿಂದ ದೋಣಿ ತಿರುಗಿಸಿ ಫ್ರಾಂಕ್ಸ್ ಟ್ರ್ಯಾಕ್ಟ್‌ಗೆ ಹೋದರೆ ಲೀಡರ್ ಬಿಚ್ಚಿಡಬೇಕು. ಅದು 1938ರಲ್ಲಿ ಏರಿ ಒಡೆದು ಮುಳುಗಿದ ಕೃಷಿಭೂಮಿ, ಈಗ ವಿಶಾಲವಾದ, ಆಳವಿಲ್ಲದ ನೀರು. ತಳದಿಂದ ಬ್ರೆಜಿಲ್ ಮೂಲದ ಎಜೇರಿಯಾ ಕಳೆ ಮೇಲೆದ್ದು ಹಾಸಿಕೊಳ್ಳುತ್ತದೆ. ಅಂಚಿನ ಜೊಂಡಿಗೆ ಒತ್ತಿ ಅಂತರಗಂಗೆ ಕೂಡ ತೇಲುತ್ತಿರುತ್ತದೆ. ಬೆಂಗಳೂರಿನ ಬೆಳ್ಳಂದೂರು ಕೆರೆಯನ್ನು ಮುಚ್ಚಿದ ಅದೇ ದಕ್ಷಿಣ ಅಮೆರಿಕದ ಗಿಡ. ಈ ಹಾಸಿನ ಮೇಲೆ ಪೊಳ್ಳು ರಬ್ಬರಿನ ಕಪ್ಪೆಯನ್ನು ಕುಪ್ಪಳಿಸುತ್ತಾ ತರುವುದು ಬಾಸ್ ಬೇಟೆಯಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು. ಅದಕ್ಕೆ ಐವತ್ತರಿಂದ ಅರವತ್ತೈದು ಪೌಂಡಿನ ಬ್ರೇಡ್, ನೇರ ಕಪ್ಪೆಗೆ.

ಇಲ್ಲಿ ಲೀಡರ್ ಏಕೆ ಬೇಡವೆಂಬುದಕ್ಕೆ ಕಾರಣಗಳು ಸ್ಪಷ್ಟ. ಕಲ್ಲಿಗೆ ಸೋಲುವ ಬ್ರೇಡ್ ಮೆತ್ತಗಿನ ಕಾಂಡವನ್ನು ಗರಗಸವಾಗಿ ಕೊಯ್ಯುತ್ತದೆ. ಮೀನು ಕಪ್ಪೆ ಕಚ್ಚಿ ತಳಕ್ಕೆ ನುಗ್ಗಿದಾಗ ಸುತ್ತಿದ ಕಳೆಯನ್ನು ಕತ್ತರಿಸುತ್ತಾ ನೇರವಾಗಿ ಬರುತ್ತದೆ. ದಪ್ಪ ಫ್ಲೋರೋ ಆ ಕೆಲಸ ಮಾಡುವುದಿಲ್ಲ. ಎರಡು ದಾರದ ನಡುವಿನ ಗಂಟಿಗೆ ಕಳೆಯ ಎಳೆಗಳು ಸಿಕ್ಕಿ ಮುದ್ದೆಯಾಗುತ್ತವೆ. ಮುಳುಗುವ ಫ್ಲೋರೋ ಕಪ್ಪೆಯ ಮೂತಿಯನ್ನು ಕೆಳಕ್ಕೆ ಎಳೆಯುತ್ತದೆ. ಕೊನೆಯದಾಗಿ, ಕಳೆಯ ಕೆಳಗಿರುವ ಮೀನಿಗೆ ಕಾಣುವುದು ಬೆಳಕಿಗೆ ಅಡ್ಡಬಂದ ಒಂದು ಕಪ್ಪು ಆಕಾರ ಅಷ್ಟೇ. ಹಾಸಿನ ಮೇಲೆ ಮಲಗಿದ ದಾರ ಅದರ ಕಣ್ಣಿಗೆ ಸಿಗುವುದೇ ಇಲ್ಲ. ಒಂದೂವರೆ ಔನ್ಸಿನ ಟಂಗ್‌ಸ್ಟನ್ ತೂಕದಿಂದ ಹಾಸನ್ನೇ ತೂರಿ ಕೆಳಗಿಳಿಸುವ ‘ಪಂಚಿಂಗ್’ಗೂ ಇದೇ ಮಾತು. ಮುಳುಗಿದ ಮರದ ಬೊಡ್ಡೆಗಳಿರುವ ಕಡೆ ಮಾತ್ರ ನಾನು ಹಿಂದೆಮುಂದೆ ನೋಡುತ್ತೇನೆ. ತೆಳು ಬ್ರೇಡ್ ಮೆತ್ತಗಾದ ಮರದೊಳಗೆ ಇಳಿದು ಕೂತುಬಿಡುತ್ತದೆ, ಆಗ ಮೀನೂ ಇಲ್ಲ, ದಾರವೂ ಇಲ್ಲ. ಅಲ್ಲಿ ದಪ್ಪ ಫ್ಲೋರೋ ಲೀಡರ್ ವಾಸಿ.

ಇನ್ನು ಕಣ್ಣಿನ ವಿಚಾರ. ಅದನ್ನು ತಿಳಿಯಲು ಬೆರ್ರಿಯೆಸಾಗೆ ಹೋಗಬೇಕು. ನಾಪಾ ಕೌಂಟಿಯ ಪೂಟಾ ಹೊಳೆಗೆ ಅಡ್ಡಲಾಗಿ ಕಟ್ಟಿದ ಮಾಂಟಿಸೆಲ್ಲೊ ಅಣೆಕಟ್ಟು 1957ರಲ್ಲಿ ಮುಗಿದಾಗ ಅದೇ ಹೆಸರಿನ ಊರು ಮುಳುಗಿ ಆದ ಜಲಾಶಯವದು. ಬೇಸಿಗೆಯಲ್ಲಿ ನೀರು ಸ್ಫಟಿಕ. ದೋಣಿಯ ಪಕ್ಕಕ್ಕೆ ಇಳಿಬಿಟ್ಟ ಬಿಳಿ ಲೂರ್ ಬಹಳ ಆಳದವರೆಗೆ ಕಾಣುತ್ತಲೇ ಇರುತ್ತದೆ. ಸ್ಪಾಟೆಡ್ ಬಾಸ್, ಸ್ಮಾಲ್‌ಮೌತ್ ಹೆಚ್ಚು. ಬಿಸಿಲು ಏರಿದ ಮೇಲೆ ಅವು ಮೂವತ್ತು ನಲವತ್ತು ಅಡಿಗೆ ಇಳಿಯುತ್ತವೆ. ಅಲ್ಲಿ ನಡೆಯುವುದು ಡ್ರಾಪ್‌ಶಾಟ್: ದಾರದ ತುದಿಗೆ ತೂಕ, ಅದಕ್ಕಿಂತ ಒಂದಡಿ ಮೇಲೆ ಕೊಕ್ಕೆ, ಕೊಕ್ಕೆಗೆ ಬೆರಳುದ್ದದ ಪ್ಲಾಸ್ಟಿಕ್ ಹುಳ. ತೂಕ ತಳದಲ್ಲಿ ಕೂತಿರುತ್ತದೆ, ಹುಳ ಇದ್ದಲ್ಲೇ ನಡುಗುತ್ತದೆ. ಮೀನು ಹತ್ತಿರ ಬಂದು, ನಿಂತು, ನೋಡಿ, ಆಮೇಲೆ ಬಾಯಿ ಹಾಕುತ್ತದೆ.

ಈ ನಿಂತು ನೋಡುವ ಹೊತ್ತಿನಲ್ಲೇ ದಾರ ಕಾಣುವುದೋ ಕಾಣದೋ ಎಂಬ ಪ್ರಶ್ನೆಗೆ ಬೆಲೆ ಬರುವುದು. ನೀರಿನ ವಕ್ರೀಭವನ ಸೂಚ್ಯಂಕ 1.33, ಫ್ಲೋರೋಕಾರ್ಬನ್ನಿನದು 1.42, ನೈಲಾನಿನದು 1.53ರ ಸುಮಾರು. ನೀರಿಗೆ ಹತ್ತಿರವಾದಷ್ಟೂ ಬೆಳಕು ಕಡಿಮೆ ತಿರುಗುತ್ತದೆ, ದಾರ ಕಡಿಮೆ ಕಾಣುತ್ತದೆ. ಕಾಣುವುದೇ ಇಲ್ಲ ಎನ್ನುವ ಜಾಹೀರಾತನ್ನು ಈ ಅಂಕಿಗಳು ಒಪ್ಪುವುದಿಲ್ಲ, ನನ್ನ ಕಣ್ಣೂ ಒಪ್ಪುವುದಿಲ್ಲ. ಆದರೆ ಬಣ್ಣ ಹಾಕಿ ಹೆಣೆದ, ಬೆಳಕೇ ತೂರದ ಬ್ರೇಡಿನ ಪಕ್ಕ ಆರು ಪೌಂಡಿನ ಫ್ಲೋರೋ ಎಷ್ಟೋ ಮಂಕು. ತಿಳಿನೀರು, ನಿಂತ ಹುಳ, ಬಿಸಿಲು, ಈ ಮೂರೂ ಕೂಡಿದಾಗ ಲೀಡರ್ ಇದ್ದ ರಾಡಿಗೆ ಕಚ್ಚುವುದು ಹೆಚ್ಚೆಂದು ನಾನು ದೃಢವಾಗಿ ನಂಬುತ್ತೇನೆ. ವೇಗವಾಗಿ ಎಳೆಯುವ ಲೂರ್‌ಗೆ ಮೀನು ಅಷ್ಟು ಪರೀಕ್ಷೆ ಮಾಡುವುದಿಲ್ಲ.

ಅಲ್ಲೂ ಲೀಡರ್ ಬೇರೆ ಎರಡು ಕೆಲಸ ಮಾಡುತ್ತಿರುತ್ತದೆ. ಬ್ರೇಡ್ ತೇಲುವುದರಿಂದ ಗಾಳಿ ಅದನ್ನು ಬಿಲ್ಲಾಗಿಸುತ್ತದೆ. ಕೆಳಗಿನ ಎರಡು ಮಾರು ಫ್ಲೋರೋ ಮುಳುಗಿ ತೂಕದಿಂದ ಮೇಲಕ್ಕೆ ದಾರವನ್ನು ನೆಟ್ಟಗಿಡುತ್ತದೆ. ಎರಡನೆಯದು ನನಗೆ ಇನ್ನೂ ಮುಖ್ಯ. ಲೀಡರ್ ಇರುವುದರಿಂದಲೇ ಕಣ್ಣು ಕುಕ್ಕುವ ಹಳದಿ ಬ್ರೇಡ್ ಬಳಸುವ ಸ್ವಾತಂತ್ರ್ಯ ಸಿಗುತ್ತದೆ. ನಲವತ್ತು ಅಡಿ ಆಳದಲ್ಲಿ ಸ್ಪಾಟೆಡ್ ಬಾಸ್ ಹುಳವನ್ನು ಬಾಯಲ್ಲಿಟ್ಟು ಮೇಲಕ್ಕೇರಿದರೆ ಕೈಗೆ ಏನೂ ತಿಳಿಯುವುದಿಲ್ಲ, ದಾರ ಸಡಿಲವಾಗುತ್ತದೆ ಅಷ್ಟೇ. ನೀರಿನ ಮೇಲಿನ ಹಳದಿ ಗೆರೆ ಒಂದು ಗೇಣು ಪಕ್ಕಕ್ಕೆ ಸರಿದದ್ದು ಕಣ್ಣಿಗೆ ತಿಳಿಯುತ್ತದೆ. ಹಸಿರು ಬ್ರೇಡಿನಲ್ಲಿ ಅದು ಕಾಣುವುದಿಲ್ಲ. ದಾರ ಮೀನಿಗೆ ಕಾಣಬಾರದು ಎಂದು ಎಲ್ಲರೂ ಹೇಳುತ್ತಾರೆ. ನಮಗೆ ಕಾಣಬೇಕು ಎನ್ನುವುದನ್ನು ಯಾರೂ ಅಷ್ಟು ಒತ್ತಿ ಹೇಳುವುದಿಲ್ಲ.

ಇಷ್ಟೆಲ್ಲ ಹೇಳಿದರೂ ಲೀಡರಿನ ಬೆಲೆ ಅದನ್ನು ಬ್ರೇಡಿಗೆ ಕೂಡಿಸಿದ ಗಂಟಿನಷ್ಟೇ. ಗಂಟುಗಳ ಬಗ್ಗೆ ಬಾಯಿಮಾತಿನ ವಾದ ಮುಗಿಯುವುದಿಲ್ಲವಾದ್ದರಿಂದ ನಾನು ಮನೆಯ ತಕ್ಕಡಿ ಹಿಡಿದೆ. ಊರಿಗೆ ಹೊರಡುವಾಗ ಸೂಟ್‌ಕೇಸು ಇಪ್ಪತ್ತಮೂರು ಕಿಲೋ ದಾಟಿತೇ ಎಂದು ಎತ್ತಿ ನೋಡುವ ಕೈತಕ್ಕಡಿ ಇಲ್ಲಿನ ಪ್ರತಿ ಕನ್ನಡಿಗರ ಮನೆಯಲ್ಲೂ ಇದೆ. ಲೀಡರಿನ ತುದಿಯನ್ನು ಅದರ ಕೊಕ್ಕೆಗೆ ಕಟ್ಟಿ, ಬ್ರೇಡನ್ನು ಒಂದು ಮರದ ತುಂಡಿಗೆ ಸುತ್ತಿ ನಿಧಾನವಾಗಿ ಎಳೆಯಬೇಕು. ಕೈಗೆ ಬರಿಯ ಬ್ರೇಡ್ ಸುತ್ತಿಕೊಂಡು ಎಳೆಯಬಾರದು, ಚರ್ಮ ಸೀಳುತ್ತದೆ. ಕನ್ನಡಕವೂ ಇರಲಿ.

ಎಳೆದಾಗ ನೋಡಬೇಕಾದದ್ದು ಅಂಕಿಯನ್ನಲ್ಲ, ದಾರ ಎಲ್ಲಿ ಹೋಯಿತು ಎಂಬುದನ್ನು. ನೈಲಾನಿಗೆ ಎಲ್ಲರೂ ಹಾಕುವ ಕ್ಲಿಂಚ್ ಗಂಟು ಬ್ರೇಡಿನಲ್ಲಿ ಹರಿಯಲೇ ಇಲ್ಲ, ಸುಮ್ಮನೆ ಜಾರಿ ಬಿಚ್ಚಿಕೊಂಡಿತು. ಬ್ರೇಡನ್ನು ಕಪ್ಪೆಗೆ ನೇರ ಕಟ್ಟುವಾಗ ಪಾಲೋಮಾರ್ ಮಾತ್ರ ಎಂದು ನಿಂತದ್ದು ಅದಕ್ಕೇ. ಎರಡು ದಾರ ಕೂಡಿಸಲು ನನ್ನ ಕೈಯಲ್ಲಿ ನಿಂತವು ಮೂರು. ಡಬಲ್ ಯೂನಿ ಎಲ್ಲಕ್ಕಿಂತ ಸುಲಭ, ಮಕ್ಕಳಿಗೂ ಕಲಿಸಬಹುದು. ಬ್ರೇಡಿನ ಕಡೆ ಎಂಟು ಸುತ್ತು, ಲೀಡರಿನ ಕಡೆ ನಾಲ್ಕೈದು. ಆದರೆ ಗಂಟು ದಪ್ಪ, ರಾಡಿನ ಉಂಗುರಗಳಿಗೆ ಟಕಟಕ ಬಡಿಯುತ್ತದೆ. ಅಮೆರಿಕದ ಪೂರ್ವ ಕರಾವಳಿಯ ಅಲೆಗಳಲ್ಲಿ ಸ್ಟ್ರೈಪ್ಡ್ ಬಾಸ್ ಹಿಡಿಯುವ ಆಲ್ಬರ್ಟೊ ನೀ ಎಂಬವರ ಹೆಸರಿನಲ್ಲೇ ಕರೆಯುವ ಆಲ್ಬರ್ಟೊ ಗಂಟು ಅದಕ್ಕಿಂತ ಸಣ್ಣದು: ಲೀಡರನ್ನು ಮಡಿಸಿ ಕುಣಿಕೆ ಮಾಡಿ, ಬ್ರೇಡನ್ನು ಅದರ ಮೇಲೆ ಏಳು ಸುತ್ತು ಮೇಲಕ್ಕೆ, ಏಳು ಸುತ್ತು ಕೆಳಕ್ಕೆ ಹಾಕಿ, ಹೋದ ದಾರಿಯಲ್ಲೇ ಹೊರತರುವುದು.

ಎಫ್‌ಜಿ ಗಂಟು ಮೂರನೆಯದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮೇಲು. ಇದರಲ್ಲಿ ಲೀಡರಿಗೆ ಗಂಟೇ ಬೀಳುವುದಿಲ್ಲ. ಲೀಡರ್ ನೆಟ್ಟಗಿರುತ್ತದೆ, ಮಲ್ಲಿಗೆ ಕಟ್ಟುವವರು ನಾರನ್ನು ಸಡಿಲಬಿಡದೆ ಒಂದು ಮೇಲೆ ಒಂದು ಕೆಳಗೆ ಸುತ್ತು ಹಾಕುವ ಹಾಗೆ ಬಿಗಿಯಾಗಿ ಹಿಡಿದ ಬ್ರೇಡಿನ ಮೇಲೆ ಲೀಡರನ್ನು ಒಮ್ಮೆ ಮೇಲಿನಿಂದ, ಒಮ್ಮೆ ಕೆಳಗಿನಿಂದ ದಾಟಿಸುತ್ತಾ ಇಪ್ಪತ್ತರಷ್ಟು ಹೆಣಿಗೆ ಹಾಕಬೇಕು. ಆಮೇಲೆ ಎಂಜಲು ಹಚ್ಚಿ ಎರಡೂ ಕಡೆ ಬಲವಾಗಿ ಎಳೆಯಬೇಕು. ಸರಿಯಾಗಿ ಕೂತರೆ ಬ್ರೇಡಿನ ಬಣ್ಣ ಗಾಢವಾಗುತ್ತದೆ, ಹೆಣಿಗೆ ಫ್ಲೋರೋವಿನ ಮೈಗೆ ಕಚ್ಚಿಕೊಳ್ಳುತ್ತದೆ. ಬಣ್ಣ ಬದಲಾಗದಿದ್ದರೆ ಕತ್ತರಿಸಿ ಮತ್ತೆ ಹಾಕಬೇಕು, ಅದು ನೀರಿನಲ್ಲಿ ಜಾರಿಯೇ ಜಾರುತ್ತದೆ. ಕೊನೆಗೆ ಬ್ರೇಡಿನಿಂದ ಅರ್ಧಗಂಟುಗಳ ಬೀಗ. ಎಳೆದಷ್ಟೂ ಬಿಗಿಯುವ ಗಂಟು ಇದು. ತಕ್ಕಡಿಯಲ್ಲಿ ಎಳೆದಾಗ ಕೂಡಿಸಿದ ಜಾಗ ಹಾಗೇ ಉಳಿದು, ಲೂರಿಗೆ ಕಟ್ಟುವ ತುದಿಯಲ್ಲಿ ಲೀಡರ್ ಹರಿಯುತ್ತದೆ. ಅದು ನನಗೆ ಬೇಕಾದದ್ದೂ ಹೌದು. ಲೀಡರ್ ಬ್ರೇಡಿಗಿಂತ ಸ್ವಲ್ಪ ದಪ್ಪವಿದ್ದು ಬಿರುಸಾಗಿದ್ದರೆ ಈ ಹೆಣಿಗೆ ಚೆನ್ನಾಗಿ ಕೂರುತ್ತದೆ. ಹತ್ತು ಪೌಂಡ್ ಬ್ರೇಡ್, ಎಂಟು ಪೌಂಡ್ ಫ್ಲೋರೋ ಜೋಡಿ ಅದಕ್ಕೆ ಹೇಳಿ ಮಾಡಿಸಿದ್ದು.

ಎಫ್‌ಜಿಯನ್ನು ಮನೆಯಲ್ಲಿ ದೀಪದ ಕೆಳಗೆ ಹಾಕಿಕೊಂಡು ಹೋಗುವುದು ಒಳ್ಳೆಯದು. ಬೇಸಿಗೆಯ ಮಧ್ಯಾಹ್ನ ಡೆಲ್ಟಾದಲ್ಲಿ ಕೊಲ್ಲಿಯ ಕಡೆಯಿಂದ ಗಾಳಿ ಏಳುತ್ತದೆ, ಜನವರಿಯಲ್ಲಿ ಟೂಲಿ ಎಂಬ ದಟ್ಟ ಮಂಜು ಮುಸುಕಿ ಬೆರಳು ಮರಗಟ್ಟುತ್ತವೆ. ಅಂಥಲ್ಲಿ ನಾನು ಆಲ್ಬರ್ಟೊ ಹಾಕಿ ಮುಂದೆ ಹೋಗುತ್ತೇನೆ. ಅತ್ಯುತ್ತಮವಾದ ಗಂಟನ್ನು ಅರ್ಧಂಬರ್ಧ ಹಾಕುವುದಕ್ಕಿಂತ ಎರಡನೆಯದನ್ನು ಪೂರ್ತಿ ಹಾಕುವುದು ಮೇಲು. ಯಾವ ಗಂಟಾದರೂ ಫ್ಲೋರೋವನ್ನು ಒಣಗಿದ್ದಾಗ ಬಿಗಿಯಬಾರದು. ಉಜ್ಜಿದ ಬಿಸಿಗೇ ಅದರ ಬಲ ಕುಂದುತ್ತದೆ.

ಉದ್ದದ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ತಿಳಿನೀರಿನಲ್ಲಿ ಎರಡು ಮಾರು, ಕಲ್ಲಿಗೆ ಒಂದು, ಅಷ್ಟೇ. ಗಮನಿಸಬೇಕಾದದ್ದು ಬೀಸುವಾಗ ಗಂಟು ಎಲ್ಲಿರುತ್ತದೆ ಎಂಬುದು. ಎಫ್‌ಜಿ ಆದರೆ ರೀಲಿನ ಸ್ಪೂಲ್ ಮೇಲೆ ಬಂದರೂ ತೊಂದರೆಯಿಲ್ಲ. ಡಬಲ್ ಯೂನಿ ಆದರೆ ಲೀಡರನ್ನು ಗಿಡ್ಡ ಮಾಡಿ ಗಂಟನ್ನು ರಾಡಿನ ತುದಿಯ ಉಂಗುರದ ಹೊರಗೇ ಇಟ್ಟು ಬೀಸಬೇಕು, ಇಲ್ಲವಾದರೆ ಹೊರಹಾರುವ ಬ್ರೇಡಿನ ಸುರುಳಿ ಗಂಟಿಗೆ ಸಿಕ್ಕಿ ಗೋಜಲಾಗುತ್ತದೆ. ಹೊಸಬರಿಗೆ ಹೇಳುವ ಇನ್ನೊಂದು ಮಾತು: ಬೀಸಿದ ಮೇಲೆ ಸ್ಪಿನ್ನಿಂಗ್ ರೀಲಿನ ಬೇಲ್ ಅನ್ನು ಹಿಡಿಕೆ ತಿರುಗಿಸಿ ಮುಚ್ಚದೆ ಕೈಯಿಂದಲೇ ಮುಚ್ಚಿ, ದಾರವನ್ನು ಒಮ್ಮೆ ಬಿಗಿಯಾಗಿ ಎಳೆದು ಆಮೇಲೆ ಸುತ್ತಿ. ಗೋಜಲು ಮುಕ್ಕಾಲು ಪಾಲು ಅಲ್ಲೇ ತಪ್ಪುತ್ತದೆ.

ನೀರಿನ ಮೇಲೆ ಅತ್ತಿಂದಿತ್ತ ನಡೆಸುವ ಕಡ್ಡಿಯಂಥ ಲೂರ್‌ಗಳಿಗೆ, ಪಾಪ್ಪರ್‌ಗಳಿಗೆ ಫ್ಲೋರೋ ಬೇಡ, ನೈಲಾನ್ ಸಾಕು. ಹದಿನೈದು ಇಪ್ಪತ್ತು ಪೌಂಡಿನದು, ಎರಡಡಿ. ಮೆತ್ತಗಿನ ಬ್ರೇಡ್ ಮುಂದಿನ ಮುಳ್ಳುಗೊಕ್ಕೆಗೆ ಸುತ್ತಿಕೊಳ್ಳದಂತೆ ಬಿರುಸಾದ ನೈಲಾನ್ ದೂರವಿಡುತ್ತದೆ, ಮುಳುಗುವುದೂ ನಿಧಾನ. ಕ್ರ್ಯಾಂಕ್‌ಬೇಟ್‌ಗೆ ನಾನು ಬ್ರೇಡನ್ನೇ ಬಳಸುವುದಿಲ್ಲ.

ಹಿಗ್ಗದ ಬ್ರೇಡಿಗೆ ಲೀಡರ್ ಸ್ವಲ್ಪ ಹಿಗ್ಗು ಕೊಡುತ್ತದೆ, ಮೀನಿನ ಬಾಯಿ ಹರಿಯದಂತೆ ತಡೆಯುತ್ತದೆ ಎಂಬ ನಂಬಿಕೆಯೂ ಇದೆ. ನೂರಡಿ ದಾರ ಹೊರಗಿರುವಾಗ ಹನ್ನೆರಡು ಅಡಿಯ ಹಿಗ್ಗು ಲೆಕ್ಕಕ್ಕೆ ಬರುವುದಿಲ್ಲ. ಆ ಕೆಲಸ ರಾಡಿನದು ಮತ್ತು ಡ್ರ್ಯಾಗಿನದು. ಅದೇ ಸೂಟ್‌ಕೇಸಿನ ತಕ್ಕಡಿಯಿಂದ ದಾರ ಎಳೆದು, ಲೀಡರಿನ ಬಲದ ಕಾಲುಭಾಗದಿಂದ ಮೂರನೇ ಒಂದು ಭಾಗದೊಳಗೆ ರೀಲು ದಾರ ಬಿಡುವಂತೆ ಡ್ರ್ಯಾಗ್ ಕೂರಿಸುತ್ತೇನೆ. ಎಂಟು ಪೌಂಡಿನ ಲೀಡರಿಗೆ ಎರಡು, ಎರಡೂವರೆ ಪೌಂಡ್. ಬ್ರೇಡಿನ ಬಲ ನೋಡಿ ಡ್ರ್ಯಾಗ್ ಬಿಗಿದರೆ ಮೊದಲ ದೊಡ್ಡ ಮೀನಿಗೇ ಲೀಡರ್ ಹೋಗುತ್ತದೆ.

ಹರಿದರೆ ಎಲ್ಲಿ ಹರಿಯಬೇಕು ಎಂಬ ಎರಡನೆಯ ಪ್ರಶ್ನೆಗೆ ನನ್ನ ಮನಸ್ಸಿನಲ್ಲಿ ಹೆಚ್ಚು ತೂಕ ಬಂದದ್ದು ಕ್ಲಿಯರ್ ಲೇಕ್‌ನಿಂದ. ಪೂರ್ತಿ ಕ್ಯಾಲಿಫೋರ್ನಿಯಾದೊಳಗೇ ಇರುವ ನೈಸರ್ಗಿಕ ಸಿಹಿನೀರಿನ ಸರೋವರಗಳಲ್ಲಿ ಎಲ್ಲಕ್ಕಿಂತ ದೊಡ್ಡದು, ಪಕ್ಕದಲ್ಲಿ ಕೊನಾಕ್ಟಿ ಎಂಬ ಜ್ವಾಲಾಮುಖಿ ಬೆಟ್ಟ. ಬಾಸ್‌ಗೆ ಹೆಸರುವಾಸಿ. ಅಲ್ಲಿ ಗ್ರೀಬ್ ಹಕ್ಕಿಗಳ ದೊಡ್ಡ ವಸತಿಯಿದೆ. ನಮ್ಮ ಕೆರೆಗಳ ಗುಳುಮುಳುಕನ ಕುಲದ್ದೇ, ಆದರೆ ನೀಳ ಬಿಳಿ ಕತ್ತಿನ ದೊಡ್ಡ ಹಕ್ಕಿ. ಜೊಂಡಿನ ನಡುವೆ ತೇಲುವ ಗೂಡು ಕಟ್ಟುತ್ತದೆ, ಮರಿಗಳನ್ನು ಬೆನ್ನ ಮೇಲೆ ಹೊತ್ತು ಈಜುತ್ತದೆ, ಜೋಡಿಗಳು ನೀರಿನ ಮೇಲೆಯೇ ಓಡುತ್ತವೆ. 1949, 1954 ಮತ್ತು 1957ರಲ್ಲಿ ಸೊಳ್ಳೆಯಂಥ ನುಸಿಗಳನ್ನು ಕೊಲ್ಲಲು ಸರೋವರಕ್ಕೆ ಡಿಡಿಡಿ ಎಂಬ ಕೀಟನಾಶಕ ಬೆರೆಸಿದರು. ವಿಷ ಮೀನಿಗೆ ಬಂತು, ಮೀನಿನಿಂದ ಗ್ರೀಬ್‌ಗೆ. ಹಕ್ಕಿಗಳು ಸತ್ತು ತೇಲಿದವು, ವರ್ಷಗಟ್ಟಲೆ ಮರಿಯೇ ಆಗಲಿಲ್ಲ. ರೇಚಲ್ ಕಾರ್ಸನ್ 1962ರ ‘ಸೈಲೆಂಟ್ ಸ್ಪ್ರಿಂಗ್’ ಪುಸ್ತಕದಲ್ಲಿ ಇದನ್ನು ವಿವರವಾಗಿ ಬರೆದಿದ್ದಾರೆ. ಅಷ್ಟನ್ನು ದಾಟಿ ಬಂದ ಹಕ್ಕಿಗಳ ಕಾಲಿಗೆ ನನ್ನ ದಾರ ಸುತ್ತಿಕೊಳ್ಳುವುದು ನನಗೆ ಸಹಿಸಲಾಗದ ಮಾತು.

ಬರಿಯ ಬ್ರೇಡ್ ಎಲ್ಲಾದರೂ ಸಿಕ್ಕಿಕೊಂಡರೆ ಎಳೆದಾಗ ಎಲ್ಲಿ ಬೇಕಾದರೂ ಹರಿಯಬಹುದು, ಎಷ್ಟೋ ಗಜ ನೀರಿನಲ್ಲೇ ಉಳಿಯಬಹುದು. ಅದು ಕೊಳೆಯುವುದಿಲ್ಲ, ತೇಲುತ್ತದೆ, ಹಕ್ಕಿಯ ಕೊಕ್ಕಿಗೆ ತುಂಡಾಗುವುದಿಲ್ಲ. ಬ್ರೇಡಿಗಿಂತ ಕಡಿಮೆ ಬಲದ ಲೀಡರ್ ಇದ್ದು, ಕೂಡಿಸಿದ ಗಂಟು ಗಟ್ಟಿಯಿದ್ದರೆ ಲೂರಿನ ಗಂಟಿನ ಹತ್ತಿರ ಹರಿಯುತ್ತದೆ. ನೀರಿಗೆ ಹೋಗುವುದು ಲೂರ್ ಮತ್ತು ಒಂದು ಚೂರು ದಾರ. ಉಳಿದದ್ದೆಲ್ಲ ರೀಲಿಗೆ ವಾಪಸು. ಎಳೆಯುವಾಗ ರಾಡನ್ನು ಬಗ್ಗಿಸದೆ, ಬ್ರೇಡನ್ನು ಮರದ ತುಂಡಿಗೆ ಸುತ್ತಿ ನೇರವಾಗಿ ಹಿಂದಕ್ಕೆ ಸರಿಯುತ್ತೇನೆ. ಕಪ್ಪೆಗೆ ಲೀಡರಿಲ್ಲದ ಕಡೆ ಈ ರಕ್ಷಣೆ ಇಲ್ಲ. ಅಲ್ಲಿ ಸಿಕ್ಕಿಕೊಂಡರೆ ದೋಣಿಯನ್ನೇ ಹತ್ತಿರ ಒಯ್ದು ಕೈಯಿಂದ ಬಿಡಿಸುತ್ತೇನೆ, ಎಷ್ಟು ಹೊತ್ತಾದರೂ ಸರಿ.

ದೋಣಿ ಇಳಿಸುವ ಕಟ್ಟೆಗಳ ಪಕ್ಕದಲ್ಲಿ ಹಳೆಯ ದಾರ ಹಾಕಲು ಪ್ಲಾಸ್ಟಿಕ್ ಕೊಳವೆಗಳನ್ನು ನಿಲ್ಲಿಸಿರುತ್ತಾರೆ. ಅವು ನೈಲಾನಿನಂಥ ಒಂಟಿ ಎಳೆಯ ದಾರಕ್ಕೆ, ಕರಗಿಸಿ ಮತ್ತೆ ಬಳಸುವುದಕ್ಕೆ. ಬ್ರೇಡನ್ನು ಅದರಲ್ಲಿ ಹಾಕಬಾರದು. ಹಾಗಾಗಿ ದೋಣಿಯಲ್ಲಿ ಎರಡು ಡಬ್ಬಿ ಇಟ್ಟುಕೊಳ್ಳಿ: ಲೀಡರಿನ ತುಂಡಿಗೆ ಒಂದು, ಬ್ರೇಡಿಗೆ ಒಂದು. ಮೊದಲನೆಯದರಲ್ಲಿ ನೈಲಾನ್ ಇದ್ದರೆ ಕೊಳವೆಗೆ. ಎರಡನೆಯದನ್ನು ಮನೆಗೆ ತಂದು, ಹರಿತವಾದ ಕತ್ತರಿಯಿಂದ ಗೇಣಿಗಿಂತ ಚಿಕ್ಕ ತುಂಡುಗಳಾಗಿ ಕತ್ತರಿಸಿ, ಬಾಯಿ ಕಟ್ಟಿದ ಚೀಲದಲ್ಲಿ ಕಸಕ್ಕೆ ಹಾಕಿ. ರೀಲಿನಲ್ಲಿ ಉಳಿದ ಬ್ರೇಡ್ ಬಣ್ಣ ಮಾಸಿದ್ದರೆ ಎಸೆಯಬೇಡಿ. ಬಿಚ್ಚಿ, ತಿರುವುಮುರುವಾಗಿ ಸುತ್ತಿದರೆ ಬಿಸಿಲು ಕಾಣದ ಒಳತುದಿ ಮೇಲೆ ಬರುತ್ತದೆ, ಇನ್ನೂ ಕೆಲವು ವರ್ಷ ನಡೆಯುತ್ತದೆ. ಸ್ಪೂಲಿನ ತಳಕ್ಕೆ ಮೊದಲು ನಾಲ್ಕು ಸುತ್ತು ನೈಲಾನ್ ಹಾಕುವುದನ್ನು ಮರೆಯಬೇಡಿ, ಇಲ್ಲವಾದರೆ ನುಣುಪಾದ ಬ್ರೇಡ್ ಅಲ್ಲೂ ಜಾರುತ್ತದೆ.